ಅನ್ಯಗ್ರಹದಿಂದ ಸಂಕೇತ ಬಂದರೆ ನಾವು ಸಿದ್ಧರೇ?

ಪ್ರಶ್ನೆ: ಬೇರೆ ಲೋಕದ ಬುದ್ಧಿವಂತ ಜೀವಿಗಳಿಂದ ಸಂಕೇತ ಬಂದರೆ ಅದನ್ನು ಎದುರಿಸಲು ಮನುಕುಲ ಸಿದ್ಧವಾಗಿದೆಯೇ?

ಉತ್ತರ: ಸಂಕೇತ ಅಸಲಿಯೋ ಅಲ್ಲವೋ ಎಂದು ಪರೀಕ್ಷಿಸಲು ಚೆನ್ನಾಗಿಯೇ ಸಿದ್ಧರಿದ್ದೇವೆ. ಅದಕ್ಕೆ ಯಾರು ಉತ್ತರಿಸಬೇಕು ಎಂದು ಕೇಳಿದರೆ, ಇಲ್ಲ.

ಪರೀಕ್ಷೆ ನಡೆಯುವುದು ಹೀಗೆ. ರೇಡಿಯೊ ದೂರದರ್ಶಕವನ್ನು ಐದು ನಿಮಿಷ ನಕ್ಷತ್ರದತ್ತ ಹಿಡಿದು, ಮುಂದಿನ ಐದು ನಿಮಿಷ ಪಕ್ಕದ ಆಕಾಶಕ್ಕೆ ತಿರುಗಿಸುತ್ತಾರೆ. ಹೀಗೆ ಮೂರು ಬಾರಿ. ನಕ್ಷತ್ರದತ್ತ ಇರುವಾಗಷ್ಟೇ ಸಿಕ್ಕಿ, ಪಕ್ಕಕ್ಕೆ ಸರಿದಾಗ ಮಾಯವಾಗುವ ಸಂಕೇತ ಮಾತ್ರ ಮುಂದಿನ ಸುತ್ತಿಗೆ. ಎರಡೂ ಕಡೆ ಸಿಕ್ಕರೆ ಅದು ನಮ್ಮದೇ ಮೊಬೈಲು, ಉಪಗ್ರಹಗಳ ಗದ್ದಲ. ಆಮೇಲೆ ಆವರ್ತನ. ಭೂಮಿ ತಿರುಗುತ್ತಿರುವುದರಿಂದ ದೂರದಿಂದ ಬಂದ ಸಂಕೇತದ ಆವರ್ತನ ತುಸುತುಸುವೇ ಜಾರುತ್ತಿರಬೇಕು. ಒಂದೇ ಕಡೆ ಅಲುಗದೆ ನಿಂತಿದ್ದರೆ ಅದರ ಮೂಲ ಇಲ್ಲೇ ನೆಲದ ಮೇಲಿರುವ ಸಾಧ್ಯತೆ ಹೆಚ್ಚು.

ಇಷ್ಟೆಲ್ಲ ಜರಡಿ ಹಿಡಿದೂ ಮೋಸ ಹೋಗಬಹುದು. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಕಡೆಯಿಂದ 982 ಮೆಗಾಹರ್ಟ್ಸ್‌ನ ಸಂಕೇತವೊಂದು ಸಿಕ್ಕಿತು. ಆವರ್ತನ ಜಾರುತ್ತಿತ್ತು, ಪಕ್ಕಕ್ಕೆ ತಿರುಗಿಸಿದರೆ ಇರುತ್ತಿರಲಿಲ್ಲ. ಆದರೆ ದತ್ತಾಂಶವನ್ನು ಇನ್ನಷ್ಟು ಕೆದಕಿದಾಗ ಅದೇ ಚಹರೆಯವು ಬೇರೆ ಆವರ್ತನಗಳಲ್ಲೂ ಕಂಡವು; ಅವುಗಳ ನಡುವಿನ ಅಂತರ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ನಿಗದಿತ ಆವರ್ತನದ ಮಿಡಿತ ಹೊರಡಿಸುವ ಆಸಿಲೇಟರ್‌ಗಳಿಗೆ ಹೊಂದುತ್ತಿತ್ತು. ಮನುಷ್ಯರ ಕಡೆಯದೇ ಎಂದು 2021ರಲ್ಲಿ ತೀರ್ಮಾನವಾಯಿತು. ಇದೇ ದೂರದರ್ಶಕವನ್ನು ವರ್ಷಗಟ್ಟಲೆ ಕಾಡಿದ ಇನ್ನೊಂದು 'ನಿಗೂಢ' ಸಂಕೇತದ ಮೂಲವಂತೂ ಓಡುತ್ತಿರುವಾಗಲೇ ಯಾರೋ ಬಾಗಿಲು ತೆಗೆದ ಮೈಕ್ರೋವೇವ್ ಓವನ್!

ಅಸಲಿ ಎಂದು ಖಚಿತವಾದರೆ ಮುಂದೇನು? ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿ 1989ರಲ್ಲಿ ರೂಪಿಸಿ, 2010ರಲ್ಲಿ ಪರಿಷ್ಕರಿಸಿದ ತತ್ವಗಳಿವೆ. ಬೇರೆ ವೀಕ್ಷಣಾಲಯದವರಿಂದ ಖಾತ್ರಿ ಮಾಡಿಸಿ, ಮುಚ್ಚಿಡದೆ ಪ್ರಕಟಿಸಿ, ಜಗತ್ತಿನೊಡನೆ ಸಮಾಲೋಚಿಸದೆ ಉತ್ತರ ಕಳಿಸಬೇಡಿ. ಮೊದಲೆರಡನ್ನು ವಿಜ್ಞಾನಿಗಳು ಪಾಲಿಸಿಯಾರು. ಮೂರನೆಯದಕ್ಕೆ ಹಲ್ಲಿಲ್ಲ. ಇದು ಕಾನೂನಲ್ಲ, ಸ್ವಇಚ್ಛೆಯ ಒಪ್ಪಿಗೆ. ದೊಡ್ಡ ಟ್ರಾನ್ಸ್‌ಮಿಟರ್ ಕೈಯಲ್ಲಿದ್ದವರು ಮೀರಿದರೆ ಕೇಳುವವರಿಲ್ಲ.

ಈ ತತ್ವಗಳು ಹುಟ್ಟುವ ಮೊದಲೇ, 1974ರಲ್ಲಿ, ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಎಂ13 ನಕ್ಷತ್ರಗುಚ್ಛದತ್ತ 1,679 ಬಿಟ್‌ಗಳ ಸಂದೇಶ ಹೋಗಿತ್ತು. ಹೀಗೆ ನಮ್ಮ ಇರವನ್ನು ಸಾರುವುದು ಅಪಾಯಕಾರಿ ಎಂದು ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ಆಕ್ಷೇಪಿಸಿದರು. ಅಷ್ಟರಲ್ಲಿ ಅದು ಪ್ಲೂಟೊದಷ್ಟು ದೂರವನ್ನೂ ದಾಟಿಯಾಗಿತ್ತು.