ಜ್ಯೂರಿಯ ಮುಂದೆ ಸಾಕ್ಷಿ ನುಡಿಯುವ ಮುನ್ನ

ಭಾರತದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ಗುಂಪು, ಮರೆಯಾಯಿತು. ಹಾಗಾಗಿ ಅಮೆರಿಕದಲ್ಲಿ ದುಡಿಯುವ ನಮ್ಮ ಎಂಜಿನಿಯರುಗಳು ಟ್ರೇಡ್ ಸೀಕ್ರೆಟ್ (ಕಂಪನಿಯ ವ್ಯಾಪಾರ ರಹಸ್ಯ) ಮೊಕದ್ದಮೆಯಲ್ಲಿ ಸಾಕ್ಷಿಯಾದರೆ ನ್ಯಾಯಾಧೀಶರತ್ತಲೇ ನೋಡಿ ಮಾತಾಡುತ್ತಾರೆ. ಆದರೆ ಯಾರ ಮಾತು ನಂಬಬೇಕೆಂದು ತೀರ್ಮಾನಿಸುವುದು ಪಕ್ಕದಲ್ಲಿ ಕೂತ ಜ್ಯೂರಿ. ಫೆಡರಲ್ ಸಿವಿಲ್ ಪ್ರಕರಣದಲ್ಲಿ ಅವರು 6ರಿಂದ 12 ಮಂದಿ. ಸಾಫ್ಟ್‌ವೇರ್ ಕೋಡ್ ಓದಲು ಬಲ್ಲವರು ಅವರಲ್ಲಿ ಒಬ್ಬರೂ ಇಲ್ಲದಿರಬಹುದು.

ತಯಾರಿ ಶುರುವಾಗಬೇಕಾದ್ದು ಸಾಕ್ಷಿಯ ಹಳೆಯ ಡೆಪೊಸಿಷನ್‌ನಿಂದ, ಅಂದರೆ ಮೊಕದ್ದಮೆಗೆ ಮುಂಚೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಿಂದ. ಸಾಮಾನ್ಯವಾಗಿ ಒಂದೇ ದಿನ, 7 ಗಂಟೆ ನಡೆದ ಆ ವಿಚಾರಣೆಯ ಪ್ರತಿ ಸಾಲನ್ನೂ ಸಾಕ್ಷಿ ಓದಿರಬೇಕು. ಎದುರಾಳಿ ವಕೀಲರು ಅದನ್ನು ಪುಟ, ಸಾಲಿನ ಸಂಖ್ಯೆ ಸಮೇತ ಓದಿ ಹೇಳುತ್ತಾರೆ. ಅಲ್ಲಿ ತಪ್ಪು ಹೇಳಿದ್ದರೆ, ನಮ್ಮ ವಕೀಲರೇ ಮೊದಲು ಪ್ರಶ್ನಿಸುವ ಮುಖ್ಯ ವಿಚಾರಣೆಯಲ್ಲೇ ಅದನ್ನು ಎತ್ತಿ ವಿವರಣೆ ಕೊಡಿಸುವುದು ಲೇಸು. ನೆನಪಿಗೆಂದು ಸಾಕ್ಷಿ ನೋಡಿದ ಕಾಗದವನ್ನು ಎದುರಾಳಿ ಕೇಳಿ ಪಡೆಯುವ ಸಾಧ್ಯತೆ ಇರುವುದರಿಂದ ಸ್ವಂತ ಟಿಪ್ಪಣಿ ಬರೆದುಕೊಳ್ಳಬಾರದು.

ಅಭ್ಯಾಸದ ಪಾಟೀಸವಾಲನ್ನು ಆ ಕೇಸಿನ ವಕೀಲರಲ್ಲದ ಬೇರೊಬ್ಬರು ಮಾಡಬೇಕು. ಪರಿಚಿತ ದನಿಗೆ ಸಾಕ್ಷಿ ಸಡಿಲವಾಗುತ್ತಾನೆ. ಪ್ರಶ್ನೆ ಮುಗಿಯಲಿ, ಉಸಿರೆಳೆದು ಉತ್ತರಿಸಿ, ನಿಲ್ಲಿಸಿ. ಹೆಚ್ಚಿನ ಹಾನಿ ಆಗುವುದು ಉತ್ತರದ ನಂತರದ ಮೌನದಲ್ಲಿ: ವಕೀಲ ಸುಮ್ಮನೆ ನಿಂತರೆ ಸಾಕ್ಷಿ ಕೇಳದ್ದನ್ನೂ ಹೇಳಿಬಿಡುತ್ತಾನೆ. ಎಂಜಿನಿಯರುಗಳ ಚಾಳಿ ಇನ್ನೊಂದು. ‘ಹೌದು’ ಎಂದರೆ ಮುಗಿಯುವ ಪ್ರಶ್ನೆಗೂ ‘ಅದು ಸಂದರ್ಭದ ಮೇಲಿದೆ’ ಎನ್ನುತ್ತಾರೆ. ಜ್ಯೂರಿಗೆ ಅದು ನುಣುಚಿಕೊಳ್ಳುವಿಕೆಯಂತೆ ಕಾಣುತ್ತದೆ. ವಿವರಣೆಗೆ, ಪಾಟೀಸವಾಲಿನ ಬಳಿಕ ನಮ್ಮ ವಕೀಲರು ಮತ್ತೆ ಪ್ರಶ್ನಿಸುವ ಮರುವಿಚಾರಣೆ ಇದ್ದೇ ಇದೆ. ನಮ್ಮ ಅಡ್ಡ ತಲೆಯಾಟವಂತೂ ಬೇಡವೇ ಬೇಡ: ಅದು ಅಲ್ಲಿನವರಿಗೆ ‘ಇಲ್ಲ’ ಎಂದು ಕಾಣುತ್ತದೆ, ದಾಖಲೆಗೆ ಹೋಗುವುದು ಬಾಯಿಮಾತು ಮಾತ್ರ.

‘ವಕೀಲರ ಜೊತೆ ಕೂತು ತಯಾರಾದಿರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಏನೋ ಕಳ್ಳತನವೆಂಬಂತೆ ಕೆಲವರು ಅಲ್ಲಗಳೆಯುತ್ತಾರೆ. ತಯಾರಿ ಕಾನೂನುಬದ್ಧ, ‘ಹೌದು’ ಎನ್ನಿ. ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ 2023ರ ನೀತಿ ಅಭಿಪ್ರಾಯ 508ರ ಪ್ರಕಾರ, ಅರ್ಥ ಸ್ಪಷ್ಟವಾಗಲೆಂದು ಪದ ಸೂಚಿಸಬಹುದು. ಸುಳ್ಳು ಹೇಳಿಸುವುದು, ಸಾಕ್ಷಿ ನುಡಿಯುತ್ತಿರುವಾಗ ಸನ್ನೆ ಮಾಡುವುದು ನಿಷಿದ್ಧ.

ಜ್ಯೂರಿ ಆಯ್ಕೆಗೆ ವಕೀಲರ ತಯಾರಿ ಬೇರೆ ಬಗೆಯದು. ಕರೆಸಿದ ನಾಗರಿಕರನ್ನು ಪ್ರಶ್ನಿಸಿ ಬೇಡದವರನ್ನು ಕೈಬಿಡುವುದರಿಂದ, ಆಯ್ಕೆ ಎನ್ನುವುದಕ್ಕಿಂತ ತೆಗೆದುಹಾಕುವಿಕೆ ಎನ್ನುವುದೇ ಸರಿ. ಫೆಡರಲ್ ಸಿವಿಲ್ ಪ್ರಕರಣದಲ್ಲಿ ಕಾರಣ ಕೊಡದೆ ಕೈಬಿಡಲು ಪ್ರತಿಯೊಂದು ಪಕ್ಷಕ್ಕೂ 3 ಅವಕಾಶ, ಆ ವ್ಯಕ್ತಿಗೆ ಪಕ್ಷಪಾತವಿದೆಯೆಂದು ತೋರಿಸಿಕೊಟ್ಟು ಕೈಬಿಡಿಸಲು ಮಿತಿಯಿಲ್ಲ. ಜನಾಂಗ, ಲಿಂಗ ನೋಡಿ ಕೈಬಿಡುವಂತಿಲ್ಲ. ‘ನಿಷ್ಪಕ್ಷಪಾತವಾಗಿರಬಲ್ಲಿರಾ?’ ಎಂದು ಕೇಳುವುದು ದಂಡ, ಬಹುತೇಕ ಎಲ್ಲರೂ ಹೂಂ ಎನ್ನುತ್ತಾರೆ. ‘ಕೆಲಸ ಬಿಟ್ಟು ಎದುರಾಳಿ ಕಂಪನಿಗೆ ಹೋದವರ ಬಗ್ಗೆ ಏನನ್ನಿಸುತ್ತದೆ?’ ಎಂದು ಕೇಳಿದರೆ ಒಳಗಿನದು ಹೊರಬರುತ್ತದೆ. ಪ್ರತಿಕೂಲ ಉತ್ತರ ಬಂದಾಗ ವಾದಕ್ಕಿಳಿಯುವ ವಕೀಲರೇ ಹೆಚ್ಚು. ಧನ್ಯವಾದ ಹೇಳಿ, ‘ಇನ್ನ್ಯಾರಿಗೆ ಹೀಗನ್ನಿಸುತ್ತದೆ?’ ಎಂದು ಕೇಳಬೇಕು, ಕೈಯೆತ್ತಿದವರ ಆಸನ ಸಂಖ್ಯೆ ಬರೆದುಕೊಳ್ಳಬೇಕು. ಆಮೇಲೆ, ಆ ಅನಿಸಿಕೆ ಬದಿಗಿಡುವುದು ಕಷ್ಟವೆಂದು ಅವರ ಬಾಯಿಂದಲೇ ಬಂದರೆ, 3 ಅವಕಾಶಗಳಲ್ಲಿ ಒಂದನ್ನೂ ಖರ್ಚು ಮಾಡದೆ ಅವರನ್ನು ಕೈಬಿಡಲು ಕೋರಬಹುದು.