ಸ್ಯಾಮ್ ಪಾರಾದನಾ, ಇಲ್ವಾ? ‘ಬ್ರೆಜಿಲ್’ ಸಿನಿಮಾದ ಕೊನೆಯ ಬಗ್ಗೆ

ಪ್ರಶ್ನೆ: ‘ಬ್ರೆಜಿಲ್’ ಅನ್ನೋ ಹಳೇ ಇಂಗ್ಲಿಷ್ ಸಿನಿಮಾ ನೋಡಿದೆ. ಹೀರೋ ತಪ್ಪಿಸಿಕೊಂಡು ಹುಡುಗಿ ಜೊತೆ ಊರ ಹೊರಗೆ ಹೋಗ್ತಾನೆ. ಕಡೇ ನಿಮಿಷದಲ್ಲಿ ನೋಡಿದ್ರೆ ಕುರ್ಚಿಯಲ್ಲೇ ಕಟ್ಟಿಹಾಕಿರ್ತಾರೆ. ಅವನು ಪಾರಾದನಾ, ಇಲ್ವಾ? ಅವನು ಗೆದ್ದ ಅಂತ ನನ್ನ ತಮ್ಮ ವಾದ ಮಾಡ್ತಾನೆ. ಸೋತ ಅಂತ ನಾನು. ಯಾರದು ಸರಿ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಪಾರಾಗಿಲ್ಲ. ಸ್ಯಾಮ್ ಆ ಕುರ್ಚಿಯಿಂದ ಒಂದು ಅಂಗುಲವೂ ಕದಲಿಲ್ಲ. ನೀವು ನೋಡಿದ ಓಡಾಟ, ಗುಂಡಿನ ಕಾಳಗ, ಹಸಿರು ಕಣಿವೆಯ ಮನೆ, ಎಲ್ಲ ಅವನ ತಲೆಯೊಳಗೆ ನಡೆದದ್ದು. ಹಾಗಂತ ನಿಮ್ಮ ತಮ್ಮನ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅವರ ಪಕ್ಷದಲ್ಲಿ ಸ್ವತಃ ನಿರ್ದೇಶಕರೇ ಇದ್ದಾರೆ! ನಾನು ಮಾತ್ರ ನಿಮ್ಮ ಕಡೆ. ಸಿನಿಮಾ ಇನ್ನೂ ನೋಡಿಲ್ಲದವರು ನೋಡಿ ಬಂದು ಓದಿ. ಇಲ್ಲಿ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ.

ಬೇರೆಯವರಿಗಾಗಿ ಕಥೆಯನ್ನು ಒಂಚೂರು ನೆನಪಿಸುತ್ತೇನೆ. ಟೆರ್ರಿ ಗಿಲಿಯಮ್ ನಿರ್ದೇಶನದ ಈ ಸಿನಿಮಾ ಬಂದದ್ದು 1985ರಲ್ಲಿ. ಯಾವ ಊರು, ಯಾವ ವರ್ಷ ಅಂತ ಹೇಳುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಎಲ್ಲೋ ಒಂದು ಕಡೆ, ಅಷ್ಟೇ. ಎಲ್ಲ ಮನೆಯಲ್ಲೂ ದಪ್ಪ ದಪ್ಪ ಪೈಪು. ಎಲ್ಲದಕ್ಕೂ ಅರ್ಜಿ, ರಸೀದಿ, ಸೀಲು. ಆಗಾಗ ಎಲ್ಲೋ ಬಾಂಬ್ ಸಿಡಿಯುತ್ತದೆ, ಜನ ತಿರುಗಿಯೂ ನೋಡದೆ ಊಟ ಮುಂದುವರಿಸುತ್ತಾರೆ. ಇಲ್ಲಿ ಸ್ಯಾಮ್ ಲೌರಿ ಒಬ್ಬ ಸರ್ಕಾರಿ ಗುಮಾಸ್ತ. ಜೊನಾಥನ್ ಪ್ರೈಸ್ ಆ ಪಾತ್ರ ಮಾಡಿದ್ದಾರೆ. ಹಗಲು ಕಾಗದದ ರಾಶಿ, ರಾತ್ರಿ ರೆಕ್ಕೆ ಕಟ್ಟಿಕೊಂಡು ಹಾರುವ ಕನಸು. ಕನಸಿನಲ್ಲಿ ಕಂಡ ಮುಖವೇ ಒಂದು ದಿನ ಎದುರಿಗೆ ಬರುತ್ತದೆ. ಜಿಲ್ ಅಂತ, ಲಾರಿ ಓಡಿಸುವ ಹೆಣ್ಣುಮಗಳು. ಅವಳ ಹಿಂದೆ ಬಿದ್ದು, ಅವಳನ್ನು ಉಳಿಸಲು ಹೋಗಿ, ಸ್ಯಾಮ್ ಸಿಕ್ಕಿಬೀಳುತ್ತಾನೆ.

ಕನಸು ಶುರುವಾಗುವ ಜಾಗ ಯಾವುದು? ಮತ್ತೊಮ್ಮೆ ನೋಡಿದರೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸ್ಯಾಮ್‌ನನ್ನು ಒಂದು ಭಾರಿ ಗುಂಡನೆಯ ಕೋಣೆಯ ನಡುವೆ ಕುರ್ಚಿಗೆ ಕಟ್ಟಿದ್ದಾರೆ. ಆ ದೃಶ್ಯ ತೆಗೆದದ್ದು ಲಂಡನ್ನಿನ ಕ್ರಾಯ್ಡನ್ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ಒಳಗೆ. ನಮ್ಮಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇರುವ ಶಕ್ತಿನಗರ, ಕುಡಿತಿನಿ ಕಡೆಯವರಿಗೆ ಅದರ ಗಾತ್ರ ಬಿಡಿಸಿ ಹೇಳಬೇಕಾಗಿಲ್ಲ. ವಿಚಾರಣೆಗೆ ಬರುವವನು ಬೇರೆ ಯಾರೂ ಅಲ್ಲ, ಹಳೇ ಗೆಳೆಯ ಜಾಕ್. ಮಗುವಿನ ಮುಖವಾಡ ಹಾಕಿಕೊಂಡು, ಕೈಯಲ್ಲಿ ಸಲಕರಣೆ ಹಿಡಿದು ಹತ್ತಿರ ಬರುತ್ತಾನೆ. ಆಗ ಎಲ್ಲಿಂದಲೋ ಒಂದು ಗುಂಡು ಅವನ ಹಣೆಗೆ ಬೀಳುತ್ತದೆ. ಮೇಲಿನಿಂದ ಹಗ್ಗ ಹಿಡಿದು ಜನ ಇಳಿಯುತ್ತಾರೆ. ಮುಂದಾಳು ಟಟಲ್, ಕದ್ದುಮುಚ್ಚಿ ಪೈಪು ರಿಪೇರಿ ಮಾಡುವ, ಸರ್ಕಾರ ಹುಡುಕುತ್ತಿರುವ ಮನುಷ್ಯ. ಆ ಪಾತ್ರ ರಾಬರ್ಟ್ ಡಿ ನೀರೋ ಅವರದು. ಆ ಗುಂಡಿನಿಂದ ಮುಂದೆ ನಡೆಯುವುದೆಲ್ಲ ಕನಸು.

ಗಿಲಿಯಮ್ ಇದನ್ನು ಮುಚ್ಚಿಟ್ಟಿಲ್ಲ. ಸುಳಿವು ಕೊಡುತ್ತಲೇ ಹೋಗುತ್ತಾರೆ. ಸ್ಯಾಮ್‌ನ ಇಲಾಖೆಯ ಇಡೀ ಕಟ್ಟಡ ಒಂದೇ ಏಟಿಗೆ ಸಿಡಿದು ಆಕಾಶದಿಂದ ಕಾಗದ ಉದುರುತ್ತದೆ. ಆ ಕಾಗದಗಳು ಹಾರಿಬಂದು ಟಟಲ್ ಮೈಗೆ ಅಂಟಿಕೊಳ್ಳುತ್ತವೆ. ಸ್ಯಾಮ್ ಓಡಿಹೋಗಿ ಒಂದೊಂದಾಗಿ ಕಿತ್ತು ನೋಡಿದರೆ ಒಳಗೆ ಮನುಷ್ಯನೇ ಇಲ್ಲ. ಆಮೇಲೆ ಅವನು ಒಂದು ಶವಸಂಸ್ಕಾರಕ್ಕೆ ನುಗ್ಗುತ್ತಾನೆ. ಅಲ್ಲಿ ಅವನ ತಾಯಿಗೆ ಜಿಲ್‌ಳ ಮುಖ! ಶವಪೆಟ್ಟಿಗೆಯೊಳಗೆ ಬಿದ್ದರೆ ಅದಕ್ಕೆ ತಳವೇ ಇಲ್ಲ. ಕೆಳಗೆ ಅವನ ಹಳೇ ಕನಸಿನ ಓಣಿಯೇ ಬರುತ್ತದೆ. ಒಂದು ಬಾಗಿಲು ತೆಗೆದರೆ ಜಿಲ್‌ಳ ಲಾರಿ ಎಳೆದುಕೊಂಡು ಹೋಗುತ್ತಿರುವ ಪುಟ್ಟ ಮನೆ. ಇಷ್ಟೆಲ್ಲ ಆದ ಮೇಲೂ ನಾವು ‘ಸದ್ಯ, ಪಾರಾದ’ ಅಂತ ಉಸಿರು ಬಿಡುತ್ತೇವೆ. ಪಾರಾಗಲಿ ಅನ್ನೋ ಆಸೆ ನಮಗೂ ಅಷ್ಟಿರುತ್ತದೆ, ಅಲ್ವಾ?

ಆಗ ಪರದೆಯ ಎರಡು ಬದಿಯಿಂದ ಎರಡು ಮುಖ ಇಣುಕುತ್ತವೆ. ಒಂದು ಜಾಕ್‌ದು, ಇನ್ನೊಂದು ಇಲಾಖೆಯ ದೊಡ್ಡ ಮನುಷ್ಯ ಹೆಲ್ಪ್‌ಮನ್‌ದು. ಇವನು ನಮ್ಮ ಕೈ ತಪ್ಪಿಹೋದ ಅನ್ನೋ ಅರ್ಥದ ಎರಡು ಮಾತಾಡಿ ಹೊರಟುಹೋಗುತ್ತಾರೆ. ಸ್ಯಾಮ್ ಕುರ್ಚಿಯಲ್ಲಿ ಒಬ್ಬನೇ, ಮುಖದಲ್ಲಿ ನಗು, ಬಾಯಲ್ಲಿ ಒಂದು ಹಾಡಿನ ಗುನುಗು.

ಜಗಳ ಹುಟ್ಟುವುದೇ ಇಲ್ಲಿ. ಬಳ್ಳಾರಿಯಲ್ಲಿ ಕೌಲ್ ಬಜಾರಿನ ಗೆಳೆಯರೊಬ್ಬರ ಮನೆಯ ಮಹಡಿ ಮೇಲೆ ಗೋಡೆಗೆ ಬಿಳಿ ಪಂಚೆ ಕಟ್ಟಿ ಈ ಸಿನಿಮಾ ನೋಡಿದೆವು. ಮುಗಿದ ಮೇಲೆ ಕೆಳಗಿನ ಮನೆಯವರು ಬಂದು ಬೈಯುವವರೆಗೂ ಮಾತು ನಿಲ್ಲಲಿಲ್ಲ. ಜೆರಾಕ್ಸ್ ಅಂಗಡಿ ನಡೆಸುವ ಅಕ್ಕ ನಿಮ್ಮ ತಮ್ಮನ ಹಾಗೇ ಹೇಳಿದರು: ‘ಅವ ಗೆದ್ದಾನ್ರೀ ಸರ್. ಅವರಿಗೆ ಬೇಕಾಗಿದ್ದು ಅವನ ಬಾಯಿಂದ ಒಂದು ಹೆಸರು. ಸಿಕ್ತಾ? ಇಲ್ಲಲ್ಲ.’ ಕಂದಾಯ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು: ‘ಗೆಲ್ಲೋದು ಎಲ್ಲಿ ಬಂತಮ್ಮ? ಆ ಕಚೇರಿ ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ತೆರೀತದೆ.’ ಕಾಲೇಜು ಹುಡುಗನಿಗೆ ಸಿಟ್ಟೇ ಬಂದಿತ್ತು. ಎರಡು ತಾಸು ಕೂತದ್ದು ಇದಕ್ಕಾ ಅಂತ.

ಆ ಹುಡುಗನ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಬಯಲಾಟದಲ್ಲಿ ರಾತ್ರಿಯೆಲ್ಲ ಎಷ್ಟು ತಲೆ ಉರುಳಿದರೂ ಬೆಳಗಾಗುವಾಗ ಮಂಗಳ ಹಾಡಿಯೇ ಏಳುವುದು. ಹಳೇ ಕನ್ನಡ ಸಿನಿಮಾಗಳಲ್ಲಿ ಕೊನೆಗೆ ‘ಶುಭಂ’ ಅಂತ ಬರುತ್ತಿತ್ತು. ಮಂಗಳ ಹಾಡದೆ ಆಟ ಮುಗಿಸಿದರೆ ನೋಡುವವರಿಗೆ ಮೋಸ ಮಾಡಿದ ಹಾಗೆ ಅನ್ನಿಸುವುದು ಸಹಜ. ಇದು ನಮ್ಮ ಕಡೆಯವರ ಗುಣ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಸ್ಟುಡಿಯೋಗೂ ಇದೇ ತಕರಾರು ಇತ್ತು.

ಆ ಕಥೆ ಸಿನಿಮಾದಷ್ಟೇ ಮಜವಾಗಿದೆ. ಬೇರೆ ದೇಶಗಳಲ್ಲಿ ಚಿತ್ರ 142 ನಿಮಿಷದ್ದಾಗಿ ಬಿಡುಗಡೆಯಾಯಿತು. ಅಮೆರಿಕದಲ್ಲಿ ಹಂಚಿಕೆ ಯೂನಿವರ್ಸಲ್ ಸ್ಟುಡಿಯೋದ್ದು. ಅದರ ಮುಖ್ಯಸ್ಥ ಸಿಡ್ ಶೀನ್‌ಬರ್ಗ್ ಚಿತ್ರ ಚಿಕ್ಕದಾಗಬೇಕು, ಕೊನೆ ಸುಖವಾಗಿರಬೇಕು ಅಂತ ಹಟ ಹಿಡಿದರು. ಗಿಲಿಯಮ್ ಒಪ್ಪಲಿಲ್ಲ. ಚಿತ್ರ ಡಬ್ಬದಲ್ಲೇ ಉಳಿಯಿತು. ಆಗ ಗಿಲಿಯಮ್ ‘ವೆರೈಟಿ’ ಅನ್ನೋ ಸಿನಿಮಾ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟರು. ಪುಟವೆಲ್ಲ ಹೆಚ್ಚುಕಡಿಮೆ ಖಾಲಿ. ನಡುವೆ ಶೀನ್‌ಬರ್ಗ್ ಹೆಸರು ಹಿಡಿದು ಒಂದೇ ಪ್ರಶ್ನೆ: ನನ್ನ ಸಿನಿಮಾ ಯಾವಾಗ ಬಿಡುಗಡೆ ಮಾಡುತ್ತೀರಿ? ಸ್ಟುಡಿಯೋಗೆ ಹೇಳದೆ ವಿಮರ್ಶಕರಿಗೆ ಚಿತ್ರ ತೋರಿಸಿದರು. ಅಮೆರಿಕದ ಚಿತ್ರಮಂದಿರಕ್ಕೆ ಇನ್ನೂ ಬಾರದ ಚಿತ್ರಕ್ಕೆ ಲಾಸ್ ಏಂಜಲೀಸ್‌ನ ವಿಮರ್ಶಕರ ಸಂಘ ವರ್ಷದ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ, ಅತ್ಯುತ್ತಮ ಚಿತ್ರಕಥೆ ಅಂತ ಪ್ರಶಸ್ತಿ ಕೊಟ್ಟುಬಿಟ್ಟಿತು. ಸ್ಟುಡಿಯೋಗೆ ಬೇರೆ ದಾರಿ ಉಳಿಯಲಿಲ್ಲ. 1985ರ ಡಿಸೆಂಬರಿನಲ್ಲಿ 132 ನಿಮಿಷದ ಪ್ರತಿ ಬಿಡುಗಡೆಯಾಯಿತು. ಕುರ್ಚಿಯ ಕೊನೆ ಉಳಿದುಕೊಂಡಿತು.

ಸ್ಟುಡಿಯೋದವರು ತಮಗೆ ಬೇಕಾದ ಹಾಗೆ ಕತ್ತರಿಸಿದ ಇನ್ನೊಂದು ಪ್ರತಿಯೂ ಇದೆ, ಬರೀ 94 ನಿಮಿಷದ್ದು. ಆಮೇಲೆ ಅದು ಟಿ.ವಿ.ಯಲ್ಲಿ ಬಂತು. ಅದರಲ್ಲಿ ಸ್ಯಾಮ್, ಜಿಲ್ ಇಬ್ಬರೂ ಸುಖವಾಗಿ ಉಳಿಯುತ್ತಾರೆ, ಕಥೆ ಅಲ್ಲಿಗೇ ಮುಗಿಯುತ್ತದೆ. ಈ ಸಿನಿಮಾದ ಬಗ್ಗೆ ಇಬ್ಬರು ಜಗಳ ಆಡುತ್ತಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ, ನೀವಿಬ್ಬರೂ ನೋಡಿದ್ದು ಒಂದೇ ಪ್ರತಿಯಾ? ನಿಮ್ಮ ಮನೆಯ ಜಗಳ ಅದಲ್ಲ ಅಂತ ಕಾಣುತ್ತದೆ. ನೀವು ಕುರ್ಚಿ ನೋಡಿದ್ದೀರಿ.

ಈಗ ನಿಮ್ಮ ತಮ್ಮನ ವಾದ. ಒಬ್ಬ ಮನುಷ್ಯನಿಗೆ ಹುಚ್ಚು ಹಿಡಿಯುವುದೇ ಸುಖಾಂತ್ಯ ಆಗುವಂಥ ಸಿನಿಮಾ ಮಾಡಬಹುದಾ ಅಂತ ಗಿಲಿಯಮ್ ಯೋಚಿಸಿದ್ದರು. ಮೈ ಹಿಡಿದಿಡಬಹುದು, ಮನಸ್ಸು ಹಿಡಿಯಲಾಗದು ಅನ್ನೋದು ಅವರ ಲೆಕ್ಕ. ಹಿಂಸೆ ಕೊಡುವವರೇ ‘ಕೈ ತಪ್ಪಿಹೋದ’ ಅಂತ ಒಪ್ಪಿಕೊಳ್ಳುತ್ತಾರಲ್ಲ, ಅದು ಆ ವಾದಕ್ಕೆ ದೊಡ್ಡ ಬಲ.

ಆದರೂ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕಾರಣ ಸ್ಯಾಮ್ ಅಲ್ಲ, ಬಟಲ್.

ಬಟಲ್ ಯಾರು ಅಂತ ನೆನಪಿದೆಯಾ? ಜಾಸ್ತಿ ಜನಕ್ಕೆ ನೆನಪಿರುವುದಿಲ್ಲ. ನಮ್ಮ ಮಹಡಿಯ ಮೇಲೂ ಅವನ ಹೆಸರು ತೆಗೆದವರು ಒಬ್ಬರೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಹುಡುಗ, ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ. ‘ಆ ಬಟಲ್ ಹೆಂಡ್ತಿ ಮಕ್ಕಳ ಗತಿ ಏನಾಯ್ತಣ್ಣ?’ ಅಂದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸಿನಿಮಾದ ಹತ್ತಿರವೂ ಇಲ್ಲ.

ಶುರುವಿನಲ್ಲಿ ಒಂದು ನೊಣ ಟೈಪ್ ಮಾಡುವ ಯಂತ್ರದೊಳಗೆ ಬೀಳುತ್ತದೆ. ‘ಟಟಲ್’ ಅಂತ ಇರಬೇಕಾದದ್ದು ‘ಬಟಲ್’ ಆಗುತ್ತದೆ. ಒಂದೇ ಅಕ್ಷರ. ಕ್ರಿಸ್‌ಮಸ್ ಹೊತ್ತಿಗೆ ಹೆಂಡತಿ ಮಕ್ಕಳ ಜೊತೆ ಮನೆಯಲ್ಲಿದ್ದ ಬಡ ಬಟಲ್‌ನನ್ನು ಪೊಲೀಸರು ಚಾವಣಿ ಕೊರೆದು ಇಳಿದು ಎತ್ತಿಕೊಂಡು ಹೋಗುತ್ತಾರೆ. ಹೆಂಡತಿಯ ಕೈಗೆ ಗಂಡನ ಬಾಬ್ತು ಒಂದು ರಸೀದಿ. ಆ ರಸೀದಿ ಕೊಟ್ಟದ್ದಕ್ಕೆ ಅವಳಿಂದ ಇನ್ನೊಂದು ರಸೀದಿ. ವಿಚಾರಣೆಯಲ್ಲೇ ಅವನು ಸಾಯುತ್ತಾನೆ. ಆ ದೇಶದಲ್ಲಿ ವಿಚಾರಣೆಯ ಖರ್ಚು ಕೊಡಬೇಕಾದವರು ಹಿಡಿಸಿಕೊಂಡವರೇ. ಮನುಷ್ಯ ತಪ್ಪಾದ್ದರಿಂದ ಬಿಲ್ಲೂ ತಪ್ಪು. ಹೆಚ್ಚಾಗಿ ವಸೂಲಿ ಮಾಡಿದ ಹಣದ ಚೆಕ್ಕನ್ನು ವಿಧವೆಗೆ ಮುಟ್ಟಿಸಲು ಹೋಗುವವನು ಯಾರು? ನಮ್ಮ ಸ್ಯಾಮ್. ಅವಳು ಗಂಡನ ಹೆಣ ಏನು ಮಾಡಿದಿರಿ ಅಂತ ಕೇಳುತ್ತಾಳೆ. ಅವನಿಗೆ ಬೇಕಾಗಿದ್ದದ್ದು ಅವಳ ಸಹಿ.

ಇದು ನೋಡುವಾಗ ನಮ್ಮಲ್ಲಿ ಯಾರೂ ನಗಲಿಲ್ಲ ಅಂದುಕೊಂಡಿರಾ? ತುಂಬಾ ನಕ್ಕೆವು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಅಂತ ನಾಡಕಚೇರಿ, ತಹಶೀಲ್ದಾರ್ ಕಚೇರಿ, ನೋಟರಿ ಹತ್ತಿರ ಅಫಿಡವಿಟ್ ಅಂತ ಅಲೆದವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ತಿಪ್ಪೇಸ್ವಾಮಿ ತಿಪ್ಪಸ್ವಾಮಿ ಆದರೆ ಬೆಳೆ ಪರಿಹಾರ ನಿಂತುಹೋಗುತ್ತದೆ. ತಪ್ಪು ಮಾಡಿದ್ದು ಯಂತ್ರ, ‘ನಾನೇ ಅವನು’ ಅಂತ ಸಾಬೀತು ಮಾಡಬೇಕಾದದ್ದು ನಾವು. ನಿವೃತ್ತ ಹಿರಿಯರು ಮಾತ್ರ ಆ ಜಾಗದಲ್ಲಿ ನಗಲಿಲ್ಲ.

ಹಾಗಾಗಿ ನನ್ನ ಪ್ರಕಾರ ಈ ಸಿನಿಮಾದ ನಿಜವಾದ ಕೊನೆ ಮೊದಲ ಭಾಗದಲ್ಲೇ ಆಗಿಹೋಗಿದೆ. ಸ್ಯಾಮ್ ಗೆದ್ದನಾ ಸೋತನಾ ಅಂತ ನಾವು ವಾದ ಮಾಡುವುದು ಅವನು ಹೀರೋ ಅಂತ. ಅವನಿಗೆ ಕನಸಿನ ಬಾಗಿಲಾದರೂ ಇತ್ತು. ಬಟಲ್‌ಗೆ ಏನಿತ್ತು? ಸ್ಯಾಮ್‌ನನ್ನು ಬರೀ ಬಲಿಪಶು ಅಂತ ನೋಡುವುದೂ ನನಗೆ ಆಗುವುದಿಲ್ಲ. ಅವನು ಆ ಯಂತ್ರದ ಒಂದು ಹಲ್ಲು. ತಾಯಿಯ ವಶೀಲಿಯಿಂದ ಬಂದ ಬಡ್ತಿ ಮೊದಲು ಬೇಡ ಅಂದವನು, ಜಿಲ್‌ಳ ಕಡತ ನೋಡಬೇಕು ಅಂತ ಆಮೇಲೆ ಅದೇ ಬಡ್ತಿ ತೆಗೆದುಕೊಳ್ಳುತ್ತಾನೆ. ಕನಸಿನಲ್ಲಿ ಅವನು ಒಬ್ಬ ದೈತ್ಯ ಸಮುರಾಯ್ ಜೊತೆ ಕಾದಾಡುತ್ತಾನಲ್ಲ, ಕೊನೆಗೆ ಆ ದೈತ್ಯನ ಮುಖವಾಡ ಕಿತ್ತರೆ ಕಾಣುವುದು ಅವನದೇ ಮುಖ. ಇದಕ್ಕಿಂತ ಬಿಡಿಸಿ ಹೇಳಲು ನಿರ್ದೇಶಕನಿಗೆ ಸಾಧ್ಯವಿತ್ತಾ? ತಾನು ದುಡಿದ ಕಚೇರಿ ತನ್ನನ್ನೇ ನುಂಗಿದಾಗ ಅವನು ನಗುತ್ತಾ ಹಾಡು ಗುನುಗುವುದನ್ನು ಗೆಲುವು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಟಲ್ ಹೆಂಡತಿಗೆ ಆ ನಗುವಿನಿಂದ ಏನೂ ಸಿಕ್ಕಿಲ್ಲ.

ಹಾಡು ಅಂದಾಗ ನೆನಪಾಯಿತು. ಬ್ರೆಜಿಲ್ ದೇಶಕ್ಕೂ ಈ ಕಥೆಗೂ ಸಂಬಂಧ ಇಲ್ಲ. ಹೆಸರು ಬಂದದ್ದು ಆ ಹಾಡಿನಿಂದ. ಬ್ರೆಜಿಲ್‌ನ ಸಂಗೀತಗಾರ ಆರಿ ಬರೋಸೊ 1939ರಲ್ಲಿ ಕಟ್ಟಿದ ಹಾಡು ಅದು. ವೇಲ್ಸ್‌ನಲ್ಲಿ ಪೋರ್ಟ್ ಟಾಲ್ಬಟ್ ಅಂತ ಒಂದು ಉಕ್ಕಿನ ಊರಿದೆ. ಆಗ ಅಲ್ಲಿ ಕಡಲ ದಂಡೆಯ ಮರಳೆಲ್ಲ ಧೂಳು ಕೂತು ಕಪ್ಪಾಗಿತ್ತು. ಸಂಜೆ ಹೊತ್ತು ಆ ಕಪ್ಪು ದಂಡೆಯಲ್ಲಿ ಒಬ್ಬ ಮನುಷ್ಯ ಕೂತು ರೇಡಿಯೋದಲ್ಲಿ ಇಂಥದ್ದೊಂದು ದೂರದೇಶದ ಹಾಡು ಕೇಳುತ್ತಿರುವ ಚಿತ್ರ ಗಿಲಿಯಮ್ ತಲೆಯಲ್ಲಿ ಮೂಡಿತು. ಸಿನಿಮಾ ಹುಟ್ಟಿದ್ದು ಅಲ್ಲಿಂದ. ಆ ಊರಿನ ಕಾರ್ಖಾನೆ 2007ರಲ್ಲಿ ಟಾಟಾ ಕೈಗೆ ಬಂತು. ಇದನ್ನು ಹೇಳಿದಾಗ ತೋರಣಗಲ್ಲಿನ ಹುಡುಗನ ಮುಖ ಅರಳಿತು. ಸಂಡೂರು ಕಡೆ ಗಿಡದ ಎಲೆ ಮೇಲೆ ಕೂರುವ ಕೆಂಪು ಧೂಳು ಕಂಡವರಿಗೆ ಆ ಮನುಷ್ಯನಿಗೆ ರೇಡಿಯೋ ಯಾಕೆ ಬೇಕಿತ್ತು ಅಂತ ಕೇಳಬೇಕಾಗಿಲ್ಲ. ನಿಮ್ಮ ತಮ್ಮನ ಪಕ್ಷಕ್ಕೆ ನಾನು ಇಷ್ಟು ಮಾತ್ರ ಬಿಟ್ಟುಕೊಡುತ್ತೇನೆ: ಹಾಡು ಸ್ಯಾಮ್‌ನನ್ನು ಉಳಿಸಲಿಲ್ಲ, ಆದರೆ ಕಡೆಯವರೆಗೂ ಅವನ ಜೊತೆ ಇತ್ತು.

ನೀವು ಕೇಳದಿದ್ದರೂ ಜಾಸ್ತಿ ಜನ ಕೇಳುವ ಇನ್ನೊಂದು ಮಾತಿದೆ: ಜಿಲ್ ಏನಾದಳು? ಅವಳನ್ನು ಉಳಿಸಲು ಸ್ಯಾಮ್ ಸರ್ಕಾರಿ ದಾಖಲೆಯಲ್ಲಿ ಅವಳು ಸತ್ತಿದ್ದಾಳೆ ಅಂತ ಬರೆದುಬಿಡುತ್ತಾನೆ. ಆಮೇಲೆ ಪೊಲೀಸರು ನುಗ್ಗುತ್ತಾರೆ. 142 ನಿಮಿಷದ ಪ್ರತಿಯಲ್ಲಿ ಹೆಲ್ಪ್‌ಮನ್ ಕ್ರಿಸ್‌ಮಸ್ ತಾತನ ವೇಷದಲ್ಲೇ ಸೆರೆಮನೆಗೆ ಬಂದು, ಅವಳು ನಿಜಕ್ಕೂ ಸತ್ತಳು ಅಂತ ತಿಳಿಸುತ್ತಾನೆ. ದಾಖಲೆಯಲ್ಲಿ ಆಗಲೇ ಸತ್ತಿದ್ದಳಲ್ಲ, ಹಾಗಾಗಿ ಎರಡು ಸಲ ಸತ್ತ ಹಾಗಾಯಿತು. ನೀವು ನೋಡಿದ್ದರಲ್ಲಿ ಈ ದೃಶ್ಯ ಇರಲಿಲ್ಲ ಅಂದರೆ ಉದ್ದದ ಪ್ರತಿ ಹುಡುಕಿ. ಸಿನಿಮಾ ಹಾಕುವ ಮುಂಚೆ ಎಷ್ಟು ನಿಮಿಷ ಅಂತ ಒಮ್ಮೆ ನೋಡಿಕೊಂಡರೆ ಸಾಕು. ಚಿಕ್ಕ ಮಕ್ಕಳನ್ನು ಮಾತ್ರ ಜೊತೆಗೆ ಕೂರಿಸಬೇಡಿ. ಸ್ಯಾಮ್‌ನ ತಾಯಿ ಮತ್ತು ಅವಳ ಗೆಳತಿಯ ಪ್ಲಾಸ್ಟಿಕ್ ಸರ್ಜರಿಯ ದೃಶ್ಯಗಳು ಕುರ್ಚಿಯ ದೃಶ್ಯಕ್ಕಿಂತ ಜಾಸ್ತಿ ಹೆದರಿಸುತ್ತವೆ.