ಹಳೇ ಕಾರಿನ ಇಂಡಿಕೇಟರ್ ತಾನಾಗಿ ಯಾಕೆ ಆಫ್ ಆಗಲ್ಲ?

ಎಡಗಡೆ ಇಂಡಿಕೇಟರ್ ಮಿಣುಕಿಸುತ್ತಲೇ ಬೆಂಗಳೂರಿನ ಜೆ.ಸಿ. ರೋಡ್ ಉದ್ದಕ್ಕೂ ನೆಟ್ಟಗೆ ಹೋಗುವ ಹಳೇ ಅಂಬಾಸಿಡರ್ ಕಂಡರೆ ಹಿಂದಿನ ಆಟೋದವರು ಬೈಯುವುದು ಡ್ರೈವರನ್ನೇ. ಪಾಪ, ಎಷ್ಟೋ ಸಲ ತಪ್ಪು ಅವರದ್ದಲ್ಲ. ತಿರುವು ಮುಗಿದ ಮೇಲೆ ಸ್ಟೇರಿಂಗ್ ಪಕ್ಕದ ಇಂಡಿಕೇಟರ್ ಕಡ್ಡಿ ತಾನಾಗಿ ನಡುವಿಗೆ ಬೀಳಬೇಕಿತ್ತು, ಬೀಳಲಿಲ್ಲ, ಅಷ್ಟೇ. ಪದ್ಮಿನಿ, ಹೆರಾಲ್ಡ್, ಬೀಟಲ್ ಥರದ ಹಳೇ ಕಾರು ಸಾಕಿಕೊಂಡವರಿಗೂ ಈ ತಲೆನೋವು ಗೊತ್ತು.

ಇದನ್ನು ರಿಪೇರಿಗೆ ಒಯ್ದರೆ ಮೊದಲು ಸಿಗುವ ಸಲಹೆ, 'ಫ್ಲ್ಯಾಷರ್ ಚೇಂಜ್ ಮಾಡಿಬಿಡಿ ಸಾರ್.' ಮಾಡಬೇಡಿ, ದುಡ್ಡು ದಂಡ. ಹಳೇ ಕಾರಿನ ಫ್ಲ್ಯಾಷರ್ ಅಂದರೆ ಒಂದು ಪುಟ್ಟ ಡಬ್ಬಿ, ಅದರೊಳಗೆ ಕರೆಂಟ್ ಹರಿದಾಗ ಬಿಸಿಯಾಗುವ ಲೋಹದ ಪಟ್ಟಿ. ಹಿಂದೆ ಮುಂದೆ ಒಂದೊಂದು 21 ವ್ಯಾಟ್ ಬಲ್ಬ್ ಇದ್ದರೆ 12 ವೋಲ್ಟ್‌ನಲ್ಲಿ ಹರಿಯುವುದು ಸುಮಾರು 3.5 ಆಂಪಿಯರ್. ಆ ಬಿಸಿಗೆ ಪಟ್ಟಿ ಬಾಗುತ್ತದೆ, ಆರಿದಾಗ ವಾಪಸ್ ಬರುತ್ತದೆ, ಬಲ್ಬ್ ಹತ್ತಿ ಆರುತ್ತದೆ, ನಿಮಿಷಕ್ಕೆ 60ರಿಂದ 120 ಸಲ. ಇದರ ಕೆಲಸ ಇಷ್ಟೇ. ಸ್ಟೇರಿಂಗ್ ಎತ್ತ ತಿರುಗಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಬಲ್ಬ್ ಮಿಣುಕುತ್ತಿದೆ ಅಂದರೆ ಫ್ಲ್ಯಾಷರ್ ಸರಿಯಾಗಿಯೇ ಇದೆ.

ತಾನಾಗಿ ಆಫ್ ಆಗುವ ಕೆಲಸದಲ್ಲಿ ಕರೆಂಟಿನ ಪಾತ್ರವೇ ಇಲ್ಲ. ಅದು ಪೂರ್ತಿ ಕಬ್ಬಿಣ, ಸ್ಪ್ರಿಂಗ್ ಮತ್ತು ಒಂದೆರಡು ಮಿಲಿಮೀಟರ್ ಅಳತೆಯ ಆಟ.

ಹಾರ್ನ್ ಬಟನ್ ತೆಗೆದು, ನಡುವಿನ ನಟ್ ಬಿಚ್ಚಿ, ಸ್ಟೇರಿಂಗ್ ಚಕ್ರ ಎಳೆದರೆ ಒಳಗೆ ಕಾಣುವುದು ಮೂರೇ ಸಂಗತಿ. ಒಂದು, ಸ್ಟೇರಿಂಗ್ ಜೊತೆಗೇ ಸುತ್ತುವ ಒಂದು ಉಬ್ಬು. ಇದಕ್ಕೆ ಕ್ಯಾಮ್ ಅನ್ನುತ್ತಾರೆ. ಕೆಲವು ಕಾರಲ್ಲಿ ಇದು ಸ್ಟೇರಿಂಗ್ ಚಕ್ರ ಕೂತಿರುವ ಶಾಫ್ಟಿಗೆ ಸಿಕ್ಕಿಸಿದ ಕ್ಲಿಪ್, ಕೆಲವದರಲ್ಲಿ ಚಕ್ರದ ಹಿಂಭಾಗದ ಗೂಟ. ಎರಡು, ಕಡ್ಡಿ ಕೂತಿರುವ ತಟ್ಟೆ. ಇದು ಎಡ, ನಡು, ಬಲ ಅಂತ ಮೂರು ಗುಳಿಗಳಲ್ಲಿ ಒಂದರಲ್ಲಿ ನಿಲ್ಲುತ್ತದೆ, ಸ್ಪ್ರಿಂಗ್ ಒತ್ತಿದ ಸಣ್ಣ ಗುಂಡು ಅದನ್ನು ಅಲ್ಲಿ ಹಿಡಿದಿಡುತ್ತದೆ. ಮೂರನೆಯದೇ ಜೀವಾಳ. ತಟ್ಟೆಯ ಎರಡೂ ಪಕ್ಕದಲ್ಲಿ ಒಂದೊಂದು ಪುಟ್ಟ ನಾಲಿಗೆ, ಉಗುರಿನಷ್ಟು ಉದ್ದ, ಅದಕ್ಕೊಂದು ಕೂದಲೆಳೆಯಂಥ ಸ್ಪ್ರಿಂಗ್.

ಕಡ್ಡಿ ನಡುವೆ ಇದ್ದಾಗ ಎರಡೂ ನಾಲಿಗೆ ಕ್ಯಾಮ್‌ನಿಂದ ದೂರ. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಏನೂ ತಾಗುವುದಿಲ್ಲ. ಎಡಕ್ಕೆ ಹಾಕಿದ ಕೂಡಲೇ ಒಂದು ನಾಲಿಗೆ ಕ್ಯಾಮ್‌ನ ದಾರಿಗೆ ಬಂದು ನಿಲ್ಲುತ್ತದೆ. ಈಗ ಎಡಕ್ಕೆ ತಿರುಗಿಸಿದರೆ ಕ್ಯಾಮ್ ಬಂದು ಗುದ್ದುತ್ತದೆ, ಆದರೆ ನಾಲಿಗೆ ಆ ದಿಕ್ಕಿಗೆ ಸಲೀಸಾಗಿ ಮಡಚಿಕೊಳ್ಳುತ್ತದೆ, ಕ್ಯಾಮ್ ದಾಟಿದ ಮೇಲೆ ಎದ್ದು ನಿಲ್ಲುತ್ತದೆ. ತಿರುವು ಮುಗಿದು ಸ್ಟೇರಿಂಗ್ ನೆಟ್ಟಗಾಗುವಾಗ ಅದೇ ಕ್ಯಾಮ್ ಎದುರು ದಿಕ್ಕಿನಿಂದ ಬರುತ್ತದಲ್ವಾ, ಆಗ ನಾಲಿಗೆ ಮಡಚಲು ಆಗುವುದಿಲ್ಲ. ಒಳಕ್ಕೆ ಮಾತ್ರ ತೆರೆಯುವ ಬಾಗಿಲನ್ನು ಒಳಗಿನಿಂದ ತಳ್ಳಿದ ಹಾಗೆ: ಬಾಗಿಲು ಅಲ್ಲಾಡದು, ತಳ್ಳಿದ ಬಲವೆಲ್ಲ ಚೌಕಟ್ಟಿಗೆ ಹೋಗುತ್ತದೆ. ಇಲ್ಲಿ ಚೌಕಟ್ಟು ಅಂದರೆ ತಟ್ಟೆ. ಅದು ಗುಳಿಯಿಂದ ಜಿಗಿದು ನಡುವಿಗೆ ಬೀಳುತ್ತದೆ, ನಾಲಿಗೆಯೂ ದಾರಿ ಬಿಟ್ಟು ಸರಿಯುತ್ತದೆ. ಒಂದೇ ಉಬ್ಬು ಒಂದೇ ನಾಲಿಗೆಯನ್ನು ಎರಡು ಸಲ ಮುಟ್ಟುತ್ತದೆ, ಮೊದಲ ಸಲ ಲೆಕ್ಕಕ್ಕಿಲ್ಲ, ಎರಡನೇ ಸಲ ಕೆಲಸ ಆಗುತ್ತದೆ. ಕಾರು ತಿರುಗಿ ಮುಗೀತು ಅಂತ ತಿಳಿಯಲು ಸೆನ್ಸರ್ ಬೇಡ, ಕಂಪ್ಯೂಟರ್ ಬೇಡ. ನನಗೆ ಕೇಳಿದರೆ ಇಡೀ ಕಾರಲ್ಲಿ ಇಷ್ಟು ಜಾಣತನದ ಭಾಗ ಇನ್ನೊಂದಿಲ್ಲ, ಇದಕ್ಕೆ ಸಿಗುವ ಮರ್ಯಾದೆಯೂ ಅಷ್ಟಕ್ಕಷ್ಟೇ.

ಇದು ಬಂದದ್ದು ತೀರಾ ಹಿಂದೇನೂ ಅಲ್ಲ. ಅಮೆರಿಕದ ಬ್ಯೂಕ್ ಕಂಪನಿ 1939ರಲ್ಲಿ ಮಿಣುಕುವ ಇಂಡಿಕೇಟರ್ ಕೊಟ್ಟಿತು, ತಾನಾಗಿ ಆಫ್ ಆಗುವ ಏರ್ಪಾಡು ಸೇರಿದ್ದು 1940ರ ಕಾರುಗಳಿಗೆ. ಎಲ್ಲರೂ ಸ್ಟೇರಿಂಗನ್ನೇ ನಂಬಲಿಲ್ಲ. 1955ರಿಂದ 1962ರವರೆಗೆ ಬಂದ ಬ್ರಿಟನ್ನಿನ ಎಂಜಿಎ ಕಾರಿನಲ್ಲಿ ಇಂಡಿಕೇಟರ್ ಸ್ವಿಚ್ ಇದ್ದದ್ದು ಡ್ಯಾಶ್‌ಬೋರ್ಡಿನಲ್ಲಿ. ತಿರುಗಿಸಿದರೆ ಗಾಳಿ ಸಣ್ಣ ತೂತಿನಲ್ಲಿ ನಿಧಾನಕ್ಕೆ ನುಸುಳಿ, ಕೆಲವು ಸೆಕೆಂಡ್ ಆದ ಮೇಲೆ ಸ್ವಿಚ್ ತಾನೇ ವಾಪಸ್. ತಿರುಗಿದ್ರೋ ಇಲ್ಲವೋ ಅದಕ್ಕೆ ಸಂಬಂಧ ಇಲ್ಲ. ಇಂಥದ್ದನ್ನು ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ತಂದರೆ ಹಸಿರು ಬೀಳೋದರೊಳಗೆ ಎಷ್ಟು ಸಲ ತಿರುಗಿಸಬೇಕೋ ದೇವರೇ ಬಲ್ಲ.

ಸರಿ, ಕೆಡೋದು ಎಲ್ಲಿ? ಕಿವಿ ಕೊಟ್ಟು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಜಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಎಂಜಿನ್ ಆಫ್ ಮಾಡಿ. ಪವರ್ ಸ್ಟೇರಿಂಗ್ ಇಲ್ಲದ ಕಾರನ್ನು ನಿಂತಲ್ಲೇ ತಿರುಗಿಸಿದರೆ ತೋಳೂ ನೋವು, ಟೈರೂ ಹಾಳು. ಈಗ ಕಡ್ಡಿ ಎಡಕ್ಕೆ ಹಾಕಿ ಸ್ಟೇರಿಂಗ್ ನಿಧಾನವಾಗಿ ಎಡಕ್ಕೆ ತಿರುಗಿಸಿ. ಮೆಲ್ಲಗೆ ಒಂದು 'ಟಿಕ್' ಕೇಳಬೇಕು, ಅದು ನಾಲಿಗೆ ಮಡಚಿದ ಸದ್ದು. ವಾಪಸ್ ಬರುವಾಗ ಜೋರಾಗಿ 'ಟಕ್', ಅದು ತಟ್ಟೆ ಜಿಗಿದದ್ದು. 'ಟಿಕ್' ಕೂಡ ಇಲ್ಲ ಅಂದರೆ ಕ್ಯಾಮ್ ನಾಲಿಗೆಯನ್ನು ಮುಟ್ಟುತ್ತಲೇ ಇಲ್ಲ, ಒಡೆದಿದೆ, ಸವೆದಿದೆ, ಇಲ್ಲವೇ ನಡುವೆ ಜಾಗ ಜಾಸ್ತಿಯಾಗಿದೆ. 'ಟಿಕ್' ಇದ್ದು 'ಟಕ್' ಇಲ್ಲವಾದರೆ ನಾಲಿಗೆಯ ತುದಿ ಉರುಟಾಗಿದೆ, ಅಥವಾ ತಟ್ಟೆ ಜಿಡ್ಡಿನಲ್ಲಿ ಅಂಟಿಕೊಂಡಿದೆ. ಕಡ್ಡಿ ನಡುವಿಗೆ ಬಿದ್ದರೂ ಬಲ್ಬ್ ಮಿಣುಕುತ್ತಲೇ ಇದ್ದರೆ ಮಾತ್ರ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಜಿಡ್ಡಿನ ವಿಷಯ ಸ್ವಲ್ಪ ಹೇಳಬೇಕು. ಗ್ರೀಸ್ ಅಂದರೆ ಸೋಪಿನಂಥ ಗಟ್ಟಿ ಪದಾರ್ಥದ ಒಳಗೆ ಹಿಡಿದಿಟ್ಟ ಎಣ್ಣೆ. ಬಿಸಿಲಲ್ಲಿ ನಿಂತೂ ನಿಂತು ಎಣ್ಣೆ ಜಿನುಗಿ ಹೋಗುತ್ತದೆ, ಸೋಪು ಉಳಿಯುತ್ತದೆ, ಧೂಳು ಸೇರಿಕೊಳ್ಳುತ್ತದೆ. ಆಗ ನಾಲಿಗೆ ಮಡಚುತ್ತದೆ, ಆದರೆ ಆ ಕೂದಲೆಳೆ ಸ್ಪ್ರಿಂಗಿಗೆ ಅದನ್ನು ಎಬ್ಬಿಸುವ ಶಕ್ತಿ ಸಾಲದು. ಕ್ಯಾಮ್ ವಾಪಸ್ ಬಂದಾಗ ನಾಲಿಗೆ ಇನ್ನೂ ಮಲಗಿರುತ್ತದೆ. ಮೇಲಿಂದ ಸ್ಪ್ರೇ ಹೊಡೆದರೆ ಕೆಲವು ದಿನ ಸರಿಹೋದ ಹಾಗೆ ಕಾಣುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಬಿಚ್ಚಿ, ಬ್ರಷ್ ಹಾಕಿ ಪೂರ್ತಿ ತೊಳೆದು, ಒಣಗಿಸಿ, ಕರೆಂಟ್ ಮುಟ್ಟುವ ತಾಮ್ರದ ಜಾಗ ಬಿಟ್ಟು ಉಳಿದ ಕಡೆ ತೆಳುವಾಗಿ ಹೊಸ ಗ್ರೀಸ್ ಸವರಬೇಕು.

ಒಂದೇ ಕಡೆ ಆಫ್ ಆಗಿ ಇನ್ನೊಂದು ಕಡೆ ಆಗದಿದ್ದರೆ ಬಹುತೇಕ ಯಾರೋ ಹಿಂದೆ ಸೋಮಾರಿತನ ಮಾಡಿದ್ದಾರೆ ಅಂತಲೇ ಅರ್ಥ. ಕಾರು ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟಗಿದ್ದರೆ ಮುಂದಿನ ಚಕ್ರಗಳನ್ನು ಸ್ಟೇರಿಂಗಿಗೆ ಜೋಡಿಸುವ ಟೈ ರಾಡ್ ಎರಡೂ ಕಡೆ ಸಮ ಮಾಡಬೇಕು. ಅದರ ಬದಲು ಸ್ಟೇರಿಂಗ್ ಚಕ್ರವನ್ನೇ ಎಳೆದು, ಶಾಫ್ಟಿನ ಹಲ್ಲುಗಳ ಮೇಲೆ ಬೇರೆ ಕಡೆ ಕೂರಿಸಿಬಿಡುತ್ತಾರೆ. ಶಾಫ್ಟಿಗೆ 36 ಹಲ್ಲಿದ್ದರೆ ಒಂದು ಹಲ್ಲಿಗೆ 10 ಡಿಗ್ರಿ. ಕ್ಯಾಮ್ ಚಕ್ರಕ್ಕೇ ಅಂಟಿದ ಕಾರಿನಲ್ಲಿ ಕ್ಯಾಮ್ ಕೂಡ ಅಷ್ಟು ಸರಿದಂತಾಯಿತು. ಆಮೇಲೆ ಒಂದು ಕಡೆ ತಿರುವಿಗೆ ಮುಂಚೆಯೇ ಆಫ್, ಇನ್ನೊಂದು ಕಡೆ ಆಗುವುದೇ ಇಲ್ಲ.

ಅಂದಕ್ಕೆ ಅಂತ ಚಿಕ್ಕ ಸ್ಪೋರ್ಟ್ಸ್ ಸ್ಟೇರಿಂಗ್ ಹಾಕಿಸಿಕೊಂಡಿದ್ದರೆ ಅದರ ಹಿಂದೆ ಗೂಟವೇ ಇಲ್ಲದಿರಬಹುದು, ಅದನ್ನೂ ನೋಡಿ. ಸ್ವಿಚ್ಚನ್ನು ಸ್ಟೇರಿಂಗ್ ಕಾಲಂಗೆ, ಅಂದರೆ ಶಾಫ್ಟಿನ ಹೊರಗಿನ ಕೊಳವೆಗೆ, ಹಿಡಿದಿರುವ ಪಟ್ಟಿ ಸಡಿಲಾಗಿ ಇಡೀ ಸ್ವಿಚ್ ಕೆಲವು ಮಿಲಿಮೀಟರ್ ಕೆಳಗೆ ಜಾರಿದರೂ ಸಾಕು, ಕ್ಯಾಮ್ ನಾಲಿಗೆಯ ಮೇಲಿಂದ ಹಾದುಹೋಗುತ್ತದೆ. ಮೇಲಕ್ಕೆ ತಳ್ಳಿ ಬಿಗಿ ಮಾಡಿದರೆ ಮುಗೀತು, ಖರ್ಚಿಲ್ಲ.

ಹಾಂ, ಲೇನ್ ಬದಲಿಸಿದಾಗ ಆಫ್ ಆಗಲ್ಲ ಅಂತ ದೂರಬೇಡಿ. ಸ್ಟೇರಿಂಗ್ 15 ಡಿಗ್ರಿ ತಿರುಗಿದರೆ ಮುಂದಿನ ಚಕ್ರ ತಿರುಗುವುದು ಹೆಚ್ಚುಕಡಿಮೆ ಒಂದು ಡಿಗ್ರಿ. ಲೇನ್ ಬದಲಿಸಲು ಅಷ್ಟೇ ಸಾಕು, ಆದರೆ ಕ್ಯಾಮ್ ನಾಲಿಗೆಯ ತನಕ ಬರಲು ಸಾಲದು. ಹೊಸ ಕಾರಲ್ಲೂ ಮೂರು ಸಲ ಮಿಣುಕಿ ನಿಲ್ಲುವ ಸೌಕರ್ಯ ಕೊಟ್ಟಿರುವುದು ಇದೇ ಕಾರಣಕ್ಕೆ.

ಕ್ಯಾಮ್ ಒಡೆದಿದ್ದರೆ ಜೆ.ಸಿ. ರೋಡ್ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿ. ಸಿಗಲಿಲ್ಲವೋ, ಲೇತ್ ಅಂಗಡಿಗೆ ಹೋಗಿ ಅಸಿಟಾಲ್ ಪ್ಲಾಸ್ಟಿಕ್ ರಾಡ್‌ನಿಂದ ಮಾಡಿಸಿ. ಉಕ್ಕಿನಲ್ಲಿ ಮಾಡಿ ಗಟ್ಟಿ ಇರಲಿ ಅನ್ನಬೇಡಿ. ಕ್ಯಾಮ್ ಗಟ್ಟಿಯಾದರೆ ಸವೆಯುವುದು ನಾಲಿಗೆ, ಅದು ಸಿಗುವುದು ಇನ್ನೂ ಕಷ್ಟ. ಹಳೇ ಕ್ಯಾಮ್ ಸತುವಿನ ಎರಕದ್ದಾದರೆ ವೆಲ್ಡಿಂಗ್ ಬೇಡವೇ ಬೇಡ, 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗಿ ಕೆಳಗೆ ಬೀಳುತ್ತದೆ. ಅಸಿಟಾಲ್‌ಗೆ ಅಂಟು ಹಿಡಿಯಲ್ಲ, ಹಾಗಾಗಿ ಒಡೆದದ್ದನ್ನು ಅಂಟಿಸುವ ಆಸೆ ಬಿಡಿ.

ಬಿಚ್ಚುವ ಮುಂಚೆ ಬ್ಯಾಟರಿ ತೆಗೀರಿ, ಶಾಫ್ಟಿಗೂ ಚಕ್ರಕ್ಕೂ ಸೇರಿಸಿ ಪಂಚ್‌ನಲ್ಲಿ ಒಂದು ಗುರುತು ಹಾಕಿ. ನಟ್ ಸಡಿಲ ಮಾಡಿ, ಆದರೆ ಪೂರ್ತಿ ತೆಗೀಬೇಡಿ. ಒಂದೆರಡು ಸುತ್ತು ಹಾಗೇ ಉಳಿಸಿ ಚಕ್ರ ಎಳೆಯಿರಿ, ಇಲ್ಲದಿದ್ದರೆ ಬಿಗಿಯಾಗಿದ್ದ ಚಕ್ರ ಒಮ್ಮೆಲೇ ಕಿತ್ತು ಮೂತಿಗೆ ಬಡಿಯುತ್ತದೆ. ಜೋಡಿಸುವಾಗ ಮುಂದಿನ ಚಕ್ರಗಳು ನೆಟ್ಟಗಿವೆಯಾ ನೋಡಿ, ಗುರುತಿಗೆ ಗುರುತು ಕೂರಿಸಿ, ನಟ್ ಕೈಯಲ್ಲಿ ಬಿಗಿಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ 'ಟಿಕ್' 'ಟಕ್' ಕೇಳಿಸಿಕೊಳ್ಳಿ. ಎರಡೂ ಕಡೆ ಸದ್ದು ಒಂದೇ ಥರ ಬಂದರೆ ನಟ್ ಪೂರ್ತಿ ಬಿಗಿ ಮಾಡಿ, ಹಾರ್ನ್ ವೈರ್ ಸಿಕ್ಕಿಸಿ, ಬ್ಯಾಟರಿ ಜೋಡಿಸಿ.